ಐವತ್ತೊಂದನೇ ಪುಟದ ಮುದ್ರೆ

೧೯೯೭ರ ಜುಲೈ ತಿಂಗಳಲ್ಲಿ ನಾನು ಸಕಲೇಶಪುರದ ಕಾಲೇಜೊಂದಕ್ಕೆ ಗ್ರಂಥಪಾಲಕನಾಗಿ ವರ್ಗವಾಗಿ ಬಂದೆ. ಓದುವ ಕೊಠಡಿ, ಕಪಾಟುಗಳು, ಸಹಾಯಕ್ಕೆ ಅಟೆಂಡರ್ ದ್ಯಾವಣ್ಣ. ಇವುಗಳ ಜೊತೆಗೆ ಬುಕ್ ಬ್ಯಾಂಕ್ ಕೂಡ ನನ್ನ ಹೊಣೆ. ಪಠ್ಯಪುಸ್ತಕ ಕೊಳ್ಳಲಾಗದ ವಿದ್ಯಾರ್ಥಿಗಳಿಗೆ ವಾರಗಟ್ಟಲೆ ಪುಸ್ತಕವನ್ನು ಮನೆಗೇ ಕೊಡುವ ವ್ಯವಸ್ಥೆ ಅದು. ಮಾರನಹಳ್ಳಿ ಕಡೆಯ ಎಸ್ಟೇಟ್ ಲೈನ್‌ಗಳಿಂದ, ಅಂದರೆ ತೋಟದ ಕೂಲಿಗಳ ಸಾಲುಮನೆಗಳಿಂದ, ಮಗ್ಗೆ ಸುತ್ತಿನ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ಮಕ್ಕಳ ಓದು ಬಹುಮಟ್ಟಿಗೆ ಆ ಕಪಾಟನ್ನೇ ನಂಬಿತ್ತು.

ಮರುವರ್ಷದ ಫೆಬ್ರವರಿಯಲ್ಲಿ ಒಬ್ಬ ವಿದ್ಯಾರ್ಥಿ ಅರ್ಥಶಾಸ್ತ್ರದ ಪುಸ್ತಕವನ್ನು ತಂದು ನನ್ನ ಮೇಜಿನ ಮೇಲಿಟ್ಟ.

“ಸಾರ್, ಇದ್ರಲ್ಲಿ ಹಣದುಬ್ಬರದ ಪಾಠಾನೇ ಇಲ್ಲ.”

ನಲವತ್ಮೂರರಿಂದ ಅರವತ್ತನೇ ಪುಟದವರೆಗೆ ಯಾರೋ ಬ್ಲೇಡಿನಿಂದ ನೀಟಾಗಿ ಕತ್ತರಿಸಿದ್ದರು. ಓದುವ ಕೊಠಡಿಯ ಇನ್ನೊಂದು ಪ್ರತಿಯನ್ನು ತೆಗೆದು ನೋಡಿದೆ. ಅಲ್ಲಿಯೂ ಅದೇ ಪುಟಗಳಿರಲಿಲ್ಲ. ಪರೀಕ್ಷೆ ಹತ್ತಿರವಾಗಿತ್ತು. ಇದು ಕೈತಪ್ಪಿ ಹರಿದದ್ದಲ್ಲ, ಲೆಕ್ಕಾಚಾರದ ಕೆಲಸ ಎಂದು ನನಗೆ ಅನ್ನಿಸಿತು.

ಯಾರು ಯಾವಾಗ ಪುಸ್ತಕ ಒಯ್ದರು ಎಂದು ಬರೆದಿಡುವ ಇಶ್ಯೂ ರಿಜಿಸ್ಟರ್ ತೆರೆದೆ. ಆ ವಿದ್ಯಾರ್ಥಿಗಿಂತ ಮೊದಲು ಪುಸ್ತಕ ಒಯ್ದವಳು ಜಯಂತಿ. ಬಿ.ಎ. ಎರಡನೇ ವರ್ಷ, ಮಾರನಹಳ್ಳಿಯ ಹತ್ತಿರ ಎಸ್ಟೇಟ್ ಲೈನಿನಲ್ಲಿ ಮನೆ, ಅಪ್ಪ ಅಮ್ಮ ಇಬ್ಬರೂ ತೋಟದ ಕೆಲಸದವರು.

“ಆ ಹುಡ್ಗಿ ದಿನಾ ಬಸ್ಸು ಬರಗಂಟ ಓದೋ ಕೊಠಡಿ ಮೂಲೇಲೇ ಕೂತಿರ್ತದೆ ಸಾ,” ಎಂದ ದ್ಯಾವಣ್ಣ. “ಒಂದು ಕಣ್ಣು ಮಡಗಿರಿ.”

ಅಂದೇ ಅರ್ಥಶಾಸ್ತ್ರದ ಅಧ್ಯಾಪಕರು ಬಂದರು. ಅವರ ಹೆಸರು ಇಲ್ಲಿ ಬೇಡ. ಕತ್ತರಿಸಿದ ಪುಸ್ತಕವನ್ನು ನೋಡಿ ತಲೆಯಾಡಿಸಿದರು. “ಲೈನ್‌ನಿಂದ ಬರೋ ಮಕ್ಕಳಿಗೆ ಪುಸ್ತಕ ಮನೆಗೆ ಕೊಡಬೇಡಿ ಅಂತ ಮೊದಲೇ ಹೇಳಿದ್ದೆನಲ್ಲ?”

ಅವರು ಹೇಳಿದ್ದು ನಿಜ. ಅಂದು ಒಪ್ಪದಿದ್ದ ನನಗೆ ಈಗ ಅವರ ಮಾತು ಸರಿಯೆನ್ನಿಸಿತು.

ಮರುದಿನ ಜಯಂತಿಯನ್ನು ಕರೆದು ಚೀಲ ತೋರಿಸಲು ಹೇಳಿದೆ. ಒಂದು ನೋಟ್‌ಬುಕ್ಕಿನಲ್ಲಿ ಕಾಣೆಯಾದ ಪಾಠ ಅಕ್ಷರಕ್ಕೆ ಅಕ್ಷರ ಇತ್ತು, ಕೋಷ್ಟಕಗಳ ಸಮೇತ.

“ಇದು ಹೇಗೆ ಬಂತಮ್ಮ?”

“ಇಲ್ಲೇ ಕೂತು ಬರ್ಕಂಡೆ ಸಾರ್. ಪುಸ್ತಕ ವಾಪಸ್ ಕೊಡ್ಬೇಕಲ್ಲ.”

“ಹದಿನೆಂಟು ಪುಟಾನೂ?”

“ಹೂಂ ಸಾರ್. ನಾನೇ ಕುಯ್ದಿದ್ರೆ ಮತ್ತೆ ಯಾಕೆ ಬರ್ಕಳ್ಳಲಿ?”

ಆದರೂ ಅವಳ ಲೈಬ್ರರಿ ಕಾರ್ಡನ್ನೂ ನೋಟ್‌ಬುಕ್ಕನ್ನೂ ನನ್ನ ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದೆ. ಜಾಣ ಕಳ್ಳರು ಹೀಗೆಯೇ ಮಾತಾಡುತ್ತಾರೆ ಎಂದುಕೊಂಡೆ. ಅವಳು ಅಳಲಿಲ್ಲ. ಅದೂ ನನಗೆ ಅನುಮಾನವಾಗಿಯೇ ಕಂಡಿತು.

ಮೂರು ವಾರ ಕಳೆದಿರಬೇಕು. ಊರಿನ ಹುಡುಗಿಯೊಬ್ಬಳು ಹಿಂದಿರುಗಿಸಿದ ಕಾದಂಬರಿಯಲ್ಲಿ ಗುರುತಿಗೆಂದು ಇಟ್ಟ ಒಂದು ಜೆರಾಕ್ಸ್ ಹಾಳೆ ಸಿಕ್ಕಿತು. ಹಣದುಬ್ಬರದ ಪಾಠ, ಐವತ್ತೊಂದನೇ ಪುಟ. ಎಡಗಡೆ ಬ್ಲೇಡು ಎಳೆದ ಅಂಚು ಕಪ್ಪು ಗೆರೆಯಾಗಿ ಮೂಡಿತ್ತು. ಕೆಳಗೆ ಮಸುಕಾಗಿ ನಮ್ಮ ಮುದ್ರೆ, ಪುಸ್ತಕದ ದಾಖಲೆ ಸಂಖ್ಯೆ. ಗ್ರಂಥಾಲಯಗಳಲ್ಲಿ ರಹಸ್ಯ ಪುಟ ಎಂಬ ಪದ್ಧತಿಯಿದೆ. ಮೊದಲ ಹಾಳೆ ಕಿತ್ತರೂ ಪುಸ್ತಕ ಯಾರದೆಂದು ತಿಳಿಯಲಿ ಎಂದು ಒಳಗಿನ ಒಂದು ನಿಗದಿತ ಪುಟಕ್ಕೂ ಮುದ್ರೆ ಒತ್ತುತ್ತೇವೆ. ನಮ್ಮಲ್ಲಿ ಅದು ಐವತ್ತೊಂದು.

“ಇದೆಲ್ಲಿ ಸಿಕ್ಕಿತಮ್ಮ?”

“ಟ್ಯೂಷನ್‌ನಲ್ಲಿ ಕೊಟ್ರು ಸಾರ್. ಬೇರೆಯವ್ರಿಗೆ ತೋರಿಸ್ಬೇಡಿ ಅಂದವ್ರೆ.”

ಟ್ಯೂಷನ್ ನಡೆಯುತ್ತಿದ್ದದ್ದು ಆ ಅರ್ಥಶಾಸ್ತ್ರದ ಅಧ್ಯಾಪಕರ ಮನೆಯಲ್ಲಿ, ದುಡ್ಡು ಕೊಟ್ಟವರಿಗೆ ಮಾತ್ರ. ಕಪಾಟುಗಳ ನಡುವೆ ಓಡಾಡಲು ಅಧ್ಯಾಪಕರಿಗೆ ಅನುಮತಿ ಬೇಕಿರಲಿಲ್ಲ, ಸಹಿಯೂ ಬೇಕಿರಲಿಲ್ಲ. ನನ್ನ ರಿಜಿಸ್ಟರಿನಲ್ಲಿ ಅವರು ಎಲ್ಲೂ ಇರಲಿಲ್ಲ.

ಸ್ಟಾಫ್ ರೂಮಿನಲ್ಲಿ ಅವರೊಬ್ಬರೇ ಇದ್ದಾಗ ಹಾಳೆಯನ್ನು ಮುಂದಿಟ್ಟೆ. ಅವರು ಓದಿ, ಮಡಚಿ ಮೇಜಿನ ಮೇಲಿಟ್ಟರು. “ನೀವು ಪುಸ್ತಕ ಜೋಡಿಸಿ ಸಾರ್, ಪಾಠ ನಮಗೆ ಬಿಡಿ.”

ಹಾಳೆಯನ್ನು ಎತ್ತಿಕೊಂಡು ಹೋಗಿ ಪ್ರಿನ್ಸಿಪಾಲರಿಗೆ ಬರೆದುಕೊಟ್ಟೆ. ವಿಚಾರಣೆ ನಡೆಯಲಿಲ್ಲ. ಕಾಲೇಜಿನ ಹೆಸರು ಕೆಡುತ್ತದೆ ಎಂದರು. ವರ್ಷದ ಕೊನೆಗೆ ಅಧ್ಯಾಪಕರು ವರ್ಗ ಮಾಡಿಸಿಕೊಂಡು ಹೋದರು. ಕತ್ತರಿಸಿದ ಪುಟಗಳು ಮಾತ್ರ ಹಿಂದಿರುಗಲಿಲ್ಲ.

ಪ್ರಿನ್ಸಿಪಾಲರ ಕೊಠಡಿಯಿಂದ ಬಂದವನೇ ಜಯಂತಿಗೆ ಹೇಳಿಕಳಿಸಿದೆ. ದ್ಯಾವಣ್ಣನ ಎದುರಿಗೇ ಕ್ಷಮೆ ಕೇಳಿ, ಕಾರ್ಡು, ನೋಟ್‌ಬುಕ್ಕು ಎರಡನ್ನೂ ಕೈಗಿತ್ತೆ.

“ಪರೀಕ್ಷೆಗೆ ಹದ್ನೆಂಟೇ ದಿನ ಐತೆ ಸಾರ್,” ಎಂದಳು. “ಪುಸ್ತಕ ಕೊಡಿ.”

“ನಿನ್ನ ನೋಟ್‌ಬುಕ್ಕನ್ನು ಜೆರಾಕ್ಸ್ ಮಾಡಿಸಿ ಎರಡೂ ಪ್ರತಿಗೆ ಅಂಟಿಸಲೇ?” ಎಂದು ಕೇಳಿದೆ. ಅವಳು ಒಪ್ಪಿದಳು. ಆ ವರ್ಷ ಬುಕ್ ಬ್ಯಾಂಕ್‌ನ ಮಕ್ಕಳೆಲ್ಲ ಹಣದುಬ್ಬರವನ್ನು ಅವಳ ಗುಂಡು ಅಕ್ಷರದಲ್ಲೇ ಓದಿದರು. ಅವಳೂ ಪಾಸಾದಳು.

ಆದರೆ ಆಮೇಲೆ ಹೊಸದೊಂದು ಅಭ್ಯಾಸ ಶುರುವಾಯಿತು. ಪುಸ್ತಕ ತೆಗೆದುಕೊಳ್ಳುವಾಗ ಒಮ್ಮೆ, ಹಿಂದಿರುಗಿಸುವಾಗ ಒಮ್ಮೆ, ಅವಳು ನನ್ನ ಮೇಜಿನ ಮುಂದೆ ನಿಂತು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೊಂದಾಗಿ ತಿರುವಿ ತೋರಿಸುತ್ತಿದ್ದಳು. ಹಿಂದೆ ಸಾಲು ಬೆಳೆಯುತ್ತಿತ್ತು. “ಬೇಡಮ್ಮ, ನಂಬಿಕೆ ಇದೆ” ಎಂದೆ, ಎಷ್ಟೋ ಸಲ.

“ಇರ್ಲಿ ಸಾರ್, ನೋಡ್ಕಳಿ,” ಎನ್ನುತ್ತಿದ್ದಳು. ಅದರಲ್ಲಿ ಸಿಟ್ಟಿರಲಿಲ್ಲ.

ಪುಸ್ತಕ ಯಾರ ಕೈಗೆ ಹೋಯಿತು ಎಂಬುದಷ್ಟನ್ನೇ ರಿಜಿಸ್ಟರ್ ಹೇಳುತ್ತದೆ, ಅವರು ಎಂಥವರೆಂದು ಹೇಳುವುದಿಲ್ಲ ಎಂಬುದನ್ನು ನಾನು ಕಲಿತದ್ದು ಆ ಮೇಜಿನ ಹಿಂದೆ ಕುಳಿತೇ. ಡಿಗ್ರಿ ಮುಗಿಸಿ ಕೊನೆಯ ಪುಸ್ತಕವನ್ನು ಹಿಂದಿರುಗಿಸುವ ದಿನವೂ ಜಯಂತಿ ಮುನ್ನೂರಕ್ಕೂ ಹೆಚ್ಚು ಪುಟಗಳನ್ನು ನನ್ನೆದುರು ತಿರುವಿದಳು. ನಾನು ಪ್ರತಿಯೊಂದನ್ನೂ ನೋಡಿದೆ.