ಹನುಮಕ್ಕನ ಮೂಗು ಮತ್ತು ಸುವರ್ಣಗಡ್ಡೆಯ ಹೂ

ಕಾಮಾಕ್ಷಿಪಾಳ್ಯದ ಒಳರಸ್ತೆಗಳಲ್ಲಿ ಹನುಮಕ್ಕನ ಸಾರಿನ ಪುಡಿಗೆ ಒಳ್ಳೆಯ ಹೆಸರು. ಅಂಗಡಿಯಿಲ್ಲ, ಬೋರ್ಡಿಲ್ಲ. ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಕೆಲಸ ಮುಗಿಸಿ ಮನೆಗೆ ಹೋಗುವಾಗ ಗೇಟಿನ ಹತ್ತಿರ ನಿಂತು "ಆಂಟಿ, ಅರ್ಧ ಕೇಜಿ" ಅಂದರೆ ಸಾಕು, ಪೊಟ್ಟಣ ಕೈಗೆ ಬರುತ್ತಿತ್ತು. ಪುಡಿಯ ಗುಟ್ಟೆಲ್ಲ ಹುರಿಯುವುದರಲ್ಲಿ, ಹುರಿಯುವುದೆಲ್ಲ ಹನುಮಕ್ಕನ ಮೂಗಿನಲ್ಲಿ. ಬಾಣಲೆಗೆ ಧನಿಯ ಹಾಕಿ, ಉರಿ ಸಣ್ಣ ಮಾಡಿ, ಹಿತ್ತಲಿಗೆ ಹೋಗಿ ಬಟ್ಟೆ ಹರವುತ್ತಿದ್ದಳು. ಅಲ್ಲಿಂದಲೇ ಗೊತ್ತಾಗಿ ಸರಿಯಾದ ಹೊತ್ತಿಗೆ ಬಂದು ಒಲೆ ಆರಿಸುತ್ತಿದ್ದಳು. ಸೊಸೆ ರಮ್ಯಶ್ರೀಗೆ ಅರೆಯಲು, ಜರಡಿ ಹಿಡಿಯಲು, ಪೊಟ್ಟಣ ಕಟ್ಟಲು ಅನುಮತಿಯಿತ್ತೇ ಹೊರತು ಬಾಣಲೆ ಮುಟ್ಟಲು ಇರಲಿಲ್ಲ. ಈ ಮೂಗಿನ ಬಗ್ಗೆ ಹನುಮಕ್ಕನಿಗೆ ಜಂಬವೂ ಇತ್ತು. ಇರಲಿ ಬಿಡಿ, ಜಂಬಪಡುವಂಥ ಮೂಗೇ ಅದು.

ಕೊರೊನಾದ ಎರಡನೇ ಅಲೆಯಲ್ಲಿ ಜ್ವರ ಬಂತು, ಹೋಯಿತು. ಹೋಗುವಾಗ ವಾಸನೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಬೀದಿಯಲ್ಲಿ ಇನ್ನೂ ಎಷ್ಟೋ ಜನರಿಗೆ ಹಾಗಾಗಿತ್ತು. ಅವರಿಗೆಲ್ಲ ಕೆಲವು ವಾರಗಳಲ್ಲಿ ವಾಪಸು ಬಂತು. ಹನುಮಕ್ಕನಿಗೆ ಬರಲೇ ಇಲ್ಲ. ಇದನ್ನು ಅವಳು ಒಂದು ನರಪಿಳ್ಳೆಗೂ ಹೇಳಲಿಲ್ಲ. ಮೂಗಿಲ್ಲದವಳ ಕೈಯಿಂದ ಸಾರಿನ ಪುಡಿ ಯಾರು ತಗೊಳ್ತಾರೆ? ಬಣ್ಣ ನೋಡಿ ಹುರಿಯುವುದನ್ನು ಕಲಿತಳು. ಒಂದು ಸಲ ಧನಿಯ ಸೀದು ಮನೆಯೆಲ್ಲ ಹೊಗೆಯಾದಾಗ ಫೋನ್ ಬಂದಿತ್ತೆಂದು ಅದರ ಮೇಲೆ ತಪ್ಪು ಹೊರಿಸಿದಳು. ಆದರೆ ಗೇಟಿನ ಹತ್ತಿರ ನಿಲ್ಲುವವರು ಮೆಲ್ಲಗೆ ಕಡಿಮೆಯಾಗುತ್ತಿದ್ದರು. ಯಾಕೆ ಎಂದು ಅವಳಿಗೆ ಗೊತ್ತಿತ್ತು, ಅದೇ ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು.

ಕರ್ಪೂರ ಮೂಸಿದಳು, ಇಂಗಿನ ಡಬ್ಬಿಗೆ ಮೂಗು ತೂರಿಸಿದಳು, ಮಲ್ಲಿಗೆ ದಂಡೆಯನ್ನು ದಿಂಬಿನ ಮೇಲಿಟ್ಟುಕೊಂಡು ಮಲಗಿದಳು. ಏನೂ ಇಲ್ಲ. ಆಮೇಲೆ ಅವಳಿಗೇ ಒಂದು ಲೆಕ್ಕಾಚಾರ ಹೊಳೆಯಿತು. ಸುವಾಸನೆ ಮರ್ಯಾದಸ್ಥ ನೆಂಟನ ಹಾಗೆ, ಬಾಗಿಲು ತಟ್ಟಿ ಹೊರಗೇ ನಿಲ್ಲುತ್ತದೆ. ನಾತ ಹಾಗಲ್ಲ, ಬಾಗಿಲು ತಳ್ಳಿಕೊಂಡೇ ನುಗ್ಗುತ್ತದೆ. ಡಾಕ್ಟರು ಕೇಳಿದ್ದರೆ ನಗುತ್ತಿದ್ದರೋ ಏನೋ. ಹನುಮಕ್ಕ ಅವರನ್ನು ಕೇಳಲಿಲ್ಲ.

ಮನೆಯ ಹಿಂದೆ ಒಂದು ಪಟ್ಟಿ ಮಣ್ಣು ಉಳಿದಿತ್ತು. ಅಲ್ಲಿದ್ದ ಗುಲಾಬಿ ಕುಂಡಗಳನ್ನು ಪಕ್ಕಕ್ಕೆ ಸರಿಸಿ, ಗಾಡಿಯವನ ಹತ್ತಿರ ಕಳ್ಳಿಯಂಥ ಒಂದು ಗಿಡ ತಂದು ನೆಟ್ಟಳು. ನಕ್ಷತ್ರದಂಥ ಹೂ ಬಿಡುತ್ತದೆ, ಅದರ ನಾತಕ್ಕೆ ನೊಣಗಳು ಮುತ್ತಿಕೊಳ್ಳುತ್ತವೆ. ಹೂ ಬಿಟ್ಟಿತು, ನೊಣಗಳೂ ಬಂದವು, ವಾಸನೆ ಮಾತ್ರ ಬರಲಿಲ್ಲ. ಆಗ ನೆನಪಾದದ್ದು ಸುವರ್ಣಗಡ್ಡೆ. ಪ್ರತಿವರ್ಷ ಹಿತ್ತಲಲ್ಲಿ ಹಾಕಿ, ಗಿಡ ಒಣಗಿದ ಮೇಲೆ ಅಗೆದು ಹುಳಿ ಮಾಡುತ್ತಿದ್ದ ಗಡ್ಡೆ. ಅಗೆಯದೆ ಮಣ್ಣಿನಲ್ಲೇ ಬಿಟ್ಟರೆ ಅದು ಹೂ ಬಿಡುತ್ತದೆ, ಆ ಹೂವಿನ ನಾತಕ್ಕೆ ಹಟ್ಟಿಯ ದನ ಕೂಡ ಮುಖ ತಿರುಗಿಸುತ್ತದೆ ಎಂದು ತಾವರೆಕೆರೆ ಕಡೆಯ ಅವಳ ಅಜ್ಜಿ ಹೇಳುತ್ತಿದ್ದದ್ದು ನೆನಪಿತ್ತು. ಆ ವರ್ಷ ಹನುಮಕ್ಕ ಗಡ್ಡೆ ಅಗೆಯಲಿಲ್ಲ. ರಮ್ಯಶ್ರೀ ಕೇಳಿದರೆ "ಇನ್ನೂ ಬಲೀಲಿ ಕಣೇ" ಎಂದು ಸಾಗಹಾಕಿದಳು. ಮುಂದಿನ ವರ್ಷವೂ ಬಲಿಯಲಿ ಎಂದೇ ಬಿಟ್ಟಳು.

ಬೇಸಿಗೆಯ ಮೊದಲ ಮಳೆ ಬಿದ್ದ ಮೇಲೆ ಗುಲಾಬಿ ಕುಂಡಗಳ ಮರೆಯಲ್ಲಿ ಮಣ್ಣು ಸೀಳಿಕೊಂಡು ಮೊಗ್ಗು ಎದ್ದಿತು. ಎಲೆಯಿಲ್ಲ, ಕಾಂಡವಿಲ್ಲ, ನೆಲದಿಂದಲೇ ದೊಡ್ಡದೊಂದು ಹೂ. ನೆರಿಗೆ ನೆರಿಗೆಯ ಕಡುಗೆಂಪು ಅಂಚು, ನಡುವೆ ಮಿದುಳಿನಂಥ ಗುಂಡು. ಅರಳಿದ ದಿನ ಹನುಮಕ್ಕ ಪಕ್ಕದಲ್ಲೇ ಮಣೆ ಹಾಕಿಕೊಂಡು ಕುಳಿತು ಉಸಿರು ಎಳೆದಳು. ಮತ್ತೆ ಎಳೆದಳು. ಗಾಳಿ ಬಂತು, ಗಾಳಿ ಹೋಯಿತು, ಅಷ್ಟೇ.

ಸಂಜೆ ಹನುಮಕ್ಕ ಮುಂಬಾಗಿಲಿಗೆ ಬಂದ ಹೊತ್ತಿಗೆ ಮಹಡಿಯಿಂದ ಬಾಡಿಗೆಮನೆಯ ಚೇತನಾ ಮೂಗಿಗೆ ಸೆರಗು ಹಿಡಿದುಕೊಂಡು ಇಳಿದುಬಂದಳು. ಹಿಂದೆಯೇ ಅವಳ ಗಂಡ ದುಂಡೇಶ. ಗದಗದ ಕಡೆಯವರು, ಮಾತು ಸ್ವಲ್ಪ ಜೋರು. ಚೇತನಾ ಮೆಟ್ಟಿಲಿನಿಂದಲೇ ಕೂಗಿದಳು: "ಆಂಟೀ, ಎಲ್ಲ್ಯೋ ಇಲಿ ಸತ್ತೈತ್ರಿ. ಉಣ್ಣಾಕ ಕುಂದ್ರಾಕ ಆಗವಲ್ದು." ಅಷ್ಟರಲ್ಲಿ ಪಕ್ಕದ ಮನೆಯ ವೆಂಕಟಗಿರಿಯೂ ಬಂದರು. "ಇಲಿ ಅಲ್ರೀ, ಹೆಗ್ಗಣಾನೇ ಇರ್ಬೇಕು. ಹನುಮಕ್ಕಾ, ನಿಮ್ಮ ಮೂಗು ಇದ್ಮೇಲೆ ನಾವ್ಯಾಕೆ ಹುಡುಕ್ಬೇಕು? ಎಲ್ಲಿಂದ ಬರ್ತಿದೆ, ನೀವೇ ಹೇಳಿ."

ಹನುಮಕ್ಕ ಸಿಕ್ಕಿಬಿದ್ದಳು. ಹೂ ಕೆಲಸ ಮಾಡುತ್ತಿದೆ ಎಂದು ಒಂದು ಕಡೆ ಖುಷಿ. ನಿಜ ಹೇಳಿದರೆ ಈ ಜನ ಈಗಲೇ ಗುದ್ದಲಿ ತರುತ್ತಾರೆ ಎಂಬ ಭಯ ಇನ್ನೊಂದು ಕಡೆ. ನಾಳೆ ನಾತ ಇನ್ನೂ ಜೋರಾಗಬಹುದು, ನಾಳೆ ತನಗೂ ತಟ್ಟಬಹುದು. ಗಂಭೀರವಾಗಿ ಮೂಗರಳಿಸಿ, ನಾಲ್ಕು ಹೆಜ್ಜೆ ಆಚೆ, ನಾಲ್ಕು ಹೆಜ್ಜೆ ಈಚೆ ನಡೆದು, ಹಿತ್ತಲಿಂದ ಎಷ್ಟು ದೂರವಿದ್ದರೆ ಅಷ್ಟು ಒಳ್ಳೆಯದೆಂದು ಗೇಟಿನ ಬಳಿಯ ಸಂಪಿನ ಮುಚ್ಚಳ ತೋರಿಸಿದಳು. "ಇಲ್ಲೇ ಅನ್ಸತ್ತೆ ಕಣಪ್ಪ."

ಅನ್ಸತ್ತೆ ಎಂದ ಮಾತು ಯಾರ ಕಿವಿಗೂ ಬೀಳಲಿಲ್ಲ. ಹನುಮಕ್ಕನ ಮೂಗು ಹೇಳಿದ ಮೇಲೆ ಮುಗಿಯಿತು. ಅಂದು ಬೆಳಿಗ್ಗೆಯಷ್ಟೇ ಕಾವೇರಿ ನೀರು ಬಿಟ್ಟು ಸಂಪು ತುಂಬಿತ್ತು. ದುಂಡೇಶ ಮೋಟಾರಿಗೆ ಪೈಪು ಸಿಕ್ಕಿಸಿ ಅಷ್ಟೂ ನೀರನ್ನು ಮೋರಿಗೆ ಬಿಟ್ಟ. ವೆಂಕಟಗಿರಿಗೆ ತಮ್ಮ ಸಂಪಿನ ಮೇಲೂ ಅನುಮಾನ ಬಂದು, ಅವರೂ ಖಾಲಿ ಮಾಡಿಸಿದರು. ಎರಡು ಸಂಪಿನಲ್ಲೂ ಸೇರಿ ಸಿಕ್ಕಿದ್ದು ಒಂದು ಪ್ಲಾಸ್ಟಿಕ್ ಲೋಟ.

ಅಷ್ಟರಲ್ಲಿ ಬಟ್ಟೆ ತರಲು ಹಿತ್ತಲಿಗೆ ಹೋದ ರಮ್ಯಶ್ರೀ ವೇಲಿನಿಂದ ಬಾಯಿ ಮುಚ್ಚಿಕೊಂಡು ಹಿಂದೆ ಸರಿದಳು. ಹೂ ಕಂಡಿತು, ನೊಣ ಕಂಡವು. ಹೂವಿಗೆ ತಾಗಿದಂತೆ ಹಾಕಿದ್ದ ಅತ್ತೆಯ ಮಣೆಯೂ ಕಂಡಿತು. ಅವಳು ಕೂಗಾಡಲಿಲ್ಲ. ಹನುಮಕ್ಕನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಕೇಳಿದಳು:

"ಅತ್ತೆ, ನಿಮಗೆ ವಾಸನೆ ಬರಲ್ಲ ಅಲ್ವಾ?"

ಹನುಮಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಇಷ್ಟು ವರ್ಷ ಹಿಡಿದಿಟ್ಟದ್ದು ಒಟ್ಟಿಗೇ ಬಂತು. "ಇಲ್ಲ ಕಣೇ. ಜ್ವರ ಬಂದಾಗಿಂದ ಇಲ್ಲ. ನಿನ್ನ ಮಗು ನೆತ್ತಿ ಕೂಡ ಮೂಸಿದ್ರೆ ಏನೂ ಗೊತ್ತಾಗಲ್ಲ."

ರಮ್ಯಶ್ರೀ ಅತ್ತೆಯ ಬೆನ್ನು ಸವರಿದಳು. ಸ್ವಲ್ಪ ಹೊತ್ತಿನ ಮೇಲೆ ಹನುಮಕ್ಕ ಕಣ್ಣೊರೆಸಿಕೊಂಡು ತಾನೇ ಗೇಟಿಗೆ ಹೋಗಿ ಎಲ್ಲ ಒಪ್ಪಿಕೊಂಡಳು. ಸಂಪಿನಲ್ಲಿ ಏನೂ ಇರಲಿಲ್ಲ, ನಾತ ಹಿತ್ತಲ ಹೂವಿನದು, ನನಗೆ ವಾಸನೆ ಬರುವುದಿಲ್ಲ, ಬರಲಿ ಅಂತ ಇಟ್ಟಿದ್ದೆ. ವೆಂಕಟಗಿರಿ ಕೆಂಡವಾದರು. ಖಾಲಿ ಸಂಪು ನೋಡಿಕೊಂಡು ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? "ಮೊದಲು ಕಿತ್ತು ಬಿಸಾಕ್ರೀ ಅದನ್ನ!" ಮೊಣಕಾಲವರೆಗೆ ಒದ್ದೆಯಾಗಿದ್ದ ದುಂಡೇಶ ಮಾತ್ರ ಗೊಳ್ಳೆಂದು ನಕ್ಕ. "ಇರ್ಲಿ ಬಿಡ್ರಿ ಅಣ್ಣಾರ. ಎಲ್ಡ್ ದಿನ ಮೂಗ್ ಮುಚ್ಕೊಂಡ್ರಾತು. ನಮಗ ಮೂಗರ ಐತಲ್ಲ." ವೆಂಕಟಗಿರಿ ಗೊಣಗುತ್ತಾ ಹೋಗಿ, ಬೀದಿಗೆಲ್ಲ ಕೇಳುವಂತೆ ಕಿಟಕಿ ಹಾಕಿಕೊಂಡರು. ಹನುಮಕ್ಕ ಎರಡೂ ಮನೆಗೆ ಟ್ಯಾಂಕರ್ ತರಿಸಿದಳು.

ಮರುದಿನ ಅತ್ತೆ ಸೊಸೆ ಇಬ್ಬರೂ ಹೂವಿನ ಮುಂದೆ ಕುಳಿತರು.

"ಏನಾದ್ರೂ ಬಂತಾ ಅತ್ತೆ?"

"ಇಲ್ಲ ಕಣೇ. ಹೆಂಗಿದೆ? ನೀನಾದ್ರೂ ಹೇಳು."

ರಮ್ಯಶ್ರೀ ವೇಲು ಸರಿಸಿ ಮೂಸಿ, ಕೆಮ್ಮಿದಳು. "ಸತ್ತಿಲಿ. ಅದ್ರ ಜೊತೆ ಮಳೇಲಿ ನೆಂದ ಚಪ್ಲಿ. ಆಮೇಲೆ... ಫ್ರಿಜ್ಜಲ್ಲಿ ಮರೆತುಹೋದ ಮೊಟ್ಟೆ ಸಾರು."

"ಮೊಟ್ಟೆ ಸಾರಾ? ನೀನು ಮಾಡಿದ್ದಾ, ನಾನು ಮಾಡಿದ್ದಾ?"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಹಳ ದಿನದ ಮೇಲೆ ಹನುಮಕ್ಕನಿಗೆ ಒಂದು ವಾಸನೆ, ಮೂಗಿಗಲ್ಲದಿದ್ದರೂ, ಗೊತ್ತಾಗಿತ್ತು.

ಹೂ ಬಾಡಿತು. ಮೂಗು ಬರಲಿಲ್ಲ. ಹನುಮಕ್ಕನಿಗೆ ತುಂಬಾ ಬೇಸರವಾಯಿತು, ಒಂದು ದಿನ ಪೂರ್ತಿ ಒಲೆಯ ಹತ್ತಿರವೇ ಸುಳಿಯಲಿಲ್ಲ. ಗಡ್ಡೆಯನ್ನು ಮಾತ್ರ ಅಗೆಯಲು ಬಿಡಲಿಲ್ಲ. ಅದರ ಮಾರನೆಯ ದಿನ, ಎಲ್ಲರದೂ ಊಟವಾಗಿ ಪಾತ್ರೆ ತೊಳೆದಿಟ್ಟ ಮೇಲೆ, ಬಾಣಲೆ ಒಲೆಯ ಮೇಲಿಟ್ಟು ಸೌಟನ್ನು ಸೊಸೆಯ ಕೈಗೆ ಕೊಟ್ಟಳು. ರಮ್ಯಶ್ರೀ ಅತ್ತೆಯ ಮುಖ ನೋಡಿದಳು.

"ಹುರಿ. ಆವತ್ತು ಹೂವಿನ ಹತ್ರ ಹೇಳಿದ್ಯಲ್ಲ, ಹಂಗೇ ಹೇಳ್ತಾ ಇರು."

ಧನಿಯ ಬಿತ್ತು. "ಹಸೀದು ಅತ್ತೆ. ಒಂಥರಾ ನಿಂಬೆ ಸಿಪ್ಪೆ ಥರ."

"ಇನ್ನೂ ಆಗ್ಬೇಕು."

"ಈಗ ಆ ಹಸಿ ಹೋಯ್ತು. ಸ್ವಲ್ಪ ಬೆಚ್ಚಗಿದೆ. ಯಾವಾಗ ಇಳಿಸೋದು?"

ಹನುಮಕ್ಕ ಯೋಚಿಸಿದಳು. ಇದನ್ನು ಅವಳು ಯಾವತ್ತೂ ಬಾಯಲ್ಲಿ ಹೇಳಿದವಳಲ್ಲ, ಹೇಳಬೇಕಾಗಿಯೂ ಬಂದಿರಲಿಲ್ಲ. "ಊಟ ಆಗಿ ಕೈ ತೊಳ್ಕೊಂಡಿದ್ರೂ, ಇನ್ನೊಂದು ಸಲ ತಟ್ಟೆ ಹಾಕ್ಕೊಂಡು ಕೂತ್ಕೊಳ್ಳೋಣ ಅನ್ಸತ್ತಲ್ಲ, ಆಗ."

ರಮ್ಯಶ್ರೀ ಕೈಯಾಡಿಸಿದಳು. ಹನುಮಕ್ಕ ಬಾಣಲೆಯ ಕಡೆ ನೋಡದೆ ಸೊಸೆಯ ಮುಖವನ್ನೇ ನೋಡುತ್ತಾ ನಿಂತಳು. ಸೌಟಿನ ಸದ್ದು ಒಮ್ಮೆ ನಿಧಾನವಾಯಿತು. ರಮ್ಯಶ್ರೀ ಎಂಜಲು ನುಂಗಿದಳು.

"ಅತ್ತೆ, ನನಗೆ ಮತ್ತೆ ಹಸಿವಾಗ್ತಿದೆ."

ಹನುಮಕ್ಕ ಕೈಚಾಚಿ ಒಲೆ ಆರಿಸಿದಳು.