ಎರಡು ಬೆರಳು ಹೆಚ್ಚಾದ ಒಲೆ

ಗುಡೇಕೋಟೆಯ ಹುಲುಗಮ್ಮನ ಕೈಯಲ್ಲಿ ಮಣ್ಣು ಹೇಳಿದ ಮಾತು ಕೇಳುತ್ತಿತ್ತು. ಗೋಡೆ ಮೆತ್ತುವುದೇ ಅವಳ ಕಸುಬು. ತೊಂಬತ್ತಾರನೆಯ ಇಸವಿಯಲ್ಲಿ ಹೊಗೆಯಿಲ್ಲದ ಒಲೆಯ ಯೋಜನೆ ಬಂದಾಗ ಅವಳನ್ನು ಕೂಡ್ಲಿಗಿಗೆ ಕರೆಸಿ, ಹತ್ತು ದಿನ ಕಲಿಸಿ, ಕೈಗೊಂದು ಅಳತೆ ಪಟ್ಟಿ ಕೊಟ್ಟು ಕಳಿಸಿದರು. ವರ್ಷದೊಳಗೆ ಮೂವತ್ತು ಒಲೆ ಕಟ್ಟಬೇಕು. ತಪಾಸಣೆಯಲ್ಲಿ ಗೆದ್ದರೆ ತಾಲ್ಲೂಕಿಗೆಲ್ಲ ತರಬೇತುದಾರಳು. ಮಣ್ಣಿನ ಬುಟ್ಟಿ ಹೊತ್ತು ನೆತ್ತಿ ಸವೆದ ಹೆಂಗಸಿಗೆ ಆ ಹುದ್ದೆಯ ಮೇಲೆ ಜೀವವೇ ಇತ್ತು.

ಒಲೆ ಒಳ್ಳೆಯದೇ. ಕಟ್ಟಿಗೆ ಅರ್ಧ ಸಾಕು, ಹೊಗೆ ಕೊಳವೆ ಹಿಡಿದು ಹೊರಗೆ ಹೋಗುತ್ತದೆ. ಕರಡಿ ಓಡಾಡುವ ಗುಡ್ಡದಿಂದ ಹೊರೆ ತರುವವರಿಗೆ ಇನ್ನೇನು ಬೇಕು? ಆದರೆ ಅದನ್ನು ರೂಪಿಸಿದ ಜಾಣರು ಅನ್ನ ಉಣ್ಣುವ ಜನ. ಒಲೆಯ ಬಾಯಿ ಅನ್ನದ ಪಾತ್ರೆಗೆ ಹೇಳಿ ಮಾಡಿಸಿದಂತಿತ್ತು. ರೊಟ್ಟಿಯ ಅಗಲ ಹಂಚು ಇಟ್ಟರೆ ರೊಟ್ಟಿ ನಡುವೆ ಸೀದು ಅಂಚು ಹಸಿ ಉಳಿಯುತ್ತಿತ್ತು. ಹೆಂಗಸರು ಎರಡು ದಿನ ನೋಡಿ ಮತ್ತೆ ಮೂರು ಕಲ್ಲು ಹೂಡಿದರು.

ಹಾಗಂತ ಹೊಸ ಒಲೆಗೆ ಅವಮರ್ಯಾದೆ ಮಾಡಲಿಲ್ಲ. ಸುಣ್ಣ ಬಳಿದರು, ಕೆಮ್ಮಣ್ಣಿನ ಪಟ್ಟೆ ಎಳೆದರು, ಕುಂಕುಮ ಹಚ್ಚಿದರು. ಅವರಲ್ಲೊಬ್ಬಳಾದ ಕಲ್ಯಾಣಮ್ಮನಂತೂ ಒಲೆಯ ಮೇಲೆ ಲಕ್ಷ್ಮಿಯ ಫೋಟೊ ಇಟ್ಟು ದಿನವೂ ಊದಿನಕಡ್ಡಿ ಬೆಳಗುತ್ತಿದ್ದಳು.

ತನ್ನ ಕೈಕೆಲಸಕ್ಕೆ ಬಂದ ಈ ಗತಿ ನೋಡಿ ಹುಲುಗಮ್ಮನಿಗೆ ರೇಗಿತು. ಪಕ್ಕದ ಮನೆಯ ಉಚ್ಚಂಗೆಮ್ಮನದು ಹನ್ನೆರಡು ಜನರ ಸಂಸಾರ. ಹುಲುಗಮ್ಮ ಅವಳ ಒಲೆಯ ಬಾಯನ್ನು ಕುಡುಗೋಲಿನಿಂದ ಎರಡು ಬೆರಳು ಅಗಲ ಕೆತ್ತಿದಳು. ರೊಟ್ಟಿ ಪೂರಿಯಂತೆ ಉಬ್ಬಿತು. ಮೂರು ದಿನಕ್ಕೆ ಮುಗಿಯುತ್ತಿದ್ದ ಹೊರೆ ಆರು ದಿನ ಬಂತು. ಇನ್ನೂ ಎರಡು ಮನೆಯವರು ಕರೆದು ಕೆತ್ತಿಸಿಕೊಂಡರು.

ತಪಾಸಣೆಗೆ ಬಂದ ಎಂಜಿನಿಯರ್ ಪ್ರವೀಣಕುಮಾರ್ ಒಳ್ಳೆಯ ಮನುಷ್ಯ. ಕಾಡು ಉಳಿಯಬೇಕು, ಹೊಗೆ ಇಳಿಯಬೇಕು ಎಂಬ ಕಾಳಜಿ ನಿಜವಾಗಿಯೂ ಇದ್ದವನು. ಕಲ್ಯಾಣಮ್ಮನ ಒಲೆಯೊಳಗೆ ಬ್ಯಾಟರಿ ಬಿಟ್ಟು ನೋಡಿದ. ಮಸಿಯ ಕಣವಿಲ್ಲ. ಕಟ್ಟಿಗೆ ಎಷ್ಟು ಬೇಕಾಗುತ್ತದೆ ಎಂದು ಕೇಳಿದ.

"ಇದಕ್ಕ ಒಂದು ಕಡ್ಡೀನೂ ಬೇಕಾಗಿಲ್ರಿ" ಎಂದಳು ಕಲ್ಯಾಣಮ್ಮ. ಸುಳ್ಳು ಅವಳಿಗೆ ಆಗಿಬರುತ್ತಿರಲಿಲ್ಲ.

ಅವನು ಹಾಗೇ ಬರೆದುಕೊಂಡ. ಬೆಂಕಿಯಿಲ್ಲದೆ ಹೊಗೆಯಾಡದು ಎಂಬ ಗಾದೆ ಎಂಜಿನಿಯರಿಂಗ್ ಪಾಠದಲ್ಲಿ ಇರಲಿಕ್ಕಿಲ್ಲ.

ಉಚ್ಚಂಗೆಮ್ಮನ ಒಲೆ ಮಸಿ ಹಿಡಿದಿತ್ತು, ಅಳತೆಯೂ ತಪ್ಪಿತ್ತು. ಅವನು ಕೆಂಪು ಗುರುತು ಹಾಕುವಾಗ ಹುಲುಗಮ್ಮ ಹುದ್ದೆಯ ಆಸೆ ಬಿಟ್ಟು ಬಾಯಿಬಿಟ್ಟಳು.

"ಸಾಹೇಬ್ರ, ಆ ಕಲ್ಯಾಣಮ್ಮನ ಒಲಿ ಹಚ್ಚೇ ಇಲ್ರಿ. ಇದರಾಗ ದಿನಾ ಅರವತ್ತು ರೊಟ್ಟಿ ಬೇಯ್ತಾವು."

ಅವನು ಸಮಾಧಾನದಿಂದ ಕೇಳಿದ. ಗಾಳಿ ಹೇಗೆ ಹರಿಯುತ್ತದೆ, ಅಂಗುಲದ ವ್ಯತ್ಯಾಸಕ್ಕೆ ಶಾಖ ಎಷ್ಟು ಸೋರುತ್ತದೆ ಎಂದು ಚಿತ್ರ ಬರೆದು ವಿವರಿಸಿದ. ಸುಧಾರಣೆ ಏನಿದ್ದರೂ ಪ್ರಯೋಗಾಲಯದಿಂದಲೇ ಬರಬೇಕು ಎಂದ. ಉರಿಯುತ್ತಿದ್ದ ಒಲೆಯ ಮುಂದೆ ನಿಂತೇ ಇಷ್ಟೂ ಹೇಳಿದ.

ಮೂವತ್ತರಲ್ಲಿ ಇಪ್ಪತ್ತೇಳು ಒಲೆ ಗೆದ್ದವು. ಹುಲುಗಮ್ಮ ತರಬೇತುದಾರಳಾದಳು. ಅವಳ ಹೆಸರಿಗೆ ಬಂದ ಮೊದಲ ಆದೇಶ, ಅಳತೆ ತಪ್ಪಿದ ಮೂರನ್ನೂ ಒಡೆದು ವರದಿ ಕೊಡಬೇಕು ಎಂಬುದು.

ಹಾರೆ ಹಿಡಿದು ಉಚ್ಚಂಗೆಮ್ಮನ ಮನೆಗೆ ಹೋದಳು. ಒಪ್ಪದಿದ್ದರೆ ಹುದ್ದೆ ಹೋಗುತ್ತದೆ, ಒಡೆದರೆ ಈ ಮನೆಗೆ ಹೊಗೆ ಮರಳುತ್ತದೆ. ಉಚ್ಚಂಗೆಮ್ಮ ಹಿಟ್ಟು ನಾದುತ್ತಿದ್ದಳು. ವಿಷಯ ಕೇಳಿ ಸಿಟ್ಟಾಗಲಿಲ್ಲ.

"ಒಡಿಯಂಗಿದ್ರ ಒಡಿಯವ್ವ. ಆದ್ರ ರೊಟ್ಟಿ ಮುಗೀಲಿ ತಡಿ, ಹುಡ್ರು ಹಸ್ಗೊಂಡಾವು."

ಹುಲುಗಮ್ಮ ಕೂತಳು. ಬಿಸಿ ರೊಟ್ಟಿ ತಿಂದು ಎದ್ದು ಬಂದಳು. ಮರುದಿನ ಹೋದಾಗಲೂ ರೊಟ್ಟಿಯ ಹೊತ್ತೇ. ಹನ್ನೆರಡು ಜನರ ಮನೆಯಲ್ಲಿ ರೊಟ್ಟಿ ಮುಗಿಯುವುದು ಯಾವಾಗ? ತಿಂಗಳ ವರದಿಯಲ್ಲಿ ಅವಳು, 'ಒಡೆಯುವ ಕೆಲಸ ಪ್ರಗತಿಯಲ್ಲಿದೆ' ಎಂದು ಬರೆಸಿದಳು.

ಅಂದಿನಿಂದ ಕಲಿಯಲು ಬಂದ ಹೆಂಗಸರಿಗೆ ಬೆಳಗ್ಗೆ ಪುಸ್ತಕದ ಅಳತೆ ಹೇಳುತ್ತಿದ್ದಳು, ಮಧ್ಯಾಹ್ನ ಕುಡುಗೋಲು ಕೊಡುತ್ತಿದ್ದಳು. ಒಡೆಯಬೇಕಾದ ಒಲೆಗಳು ಎರಡನೆಯ ವರ್ಷ ಹತ್ತೊಂಬತ್ತಾದವು, ಮೂರನೆಯ ವರ್ಷ ಅರವತ್ತನಾಲ್ಕು. ಅವು ಹೆಚ್ಚುತ್ತಿರುವುದೇಕೆ ಎಂದು ಕಚೇರಿಯಲ್ಲಿ ಯಾರೂ ಕೇಳಲಿಲ್ಲ. ಒಡೆಯುವ ಕೆಲಸ ಇನ್ನಷ್ಟು ಚುರುಕಾಗಬೇಕು ಎಂದು ಪತ್ರ ಮಾತ್ರ ಬಂತು.

ಹುಲುಗಮ್ಮ ಕುಡುಗೋಲಿನ ಕೆಲಸ ಚುರುಕುಗೊಳಿಸಿದಳು.