ಮೂರನೆಯದೋ, ಐದನೆಯದೋ

ಮೊನ್ನೆ ಹೊಸಪೇಟೆಯ ಶೇರ್ ಆಟೋದಲ್ಲಿ ನನ್ನ ಪಕ್ಕದ ಸೀಟು ಒಂದು ತೌಡಿನ ಚೀಲಕ್ಕೆ ಸಿಕ್ಕಿತ್ತು. ಚೀಲದ ಒಡೆಯ ಚಾಲಕನ ಪಕ್ಕ ಅರ್ಧ ಕೂತು ಅರ್ಧ ತೂಗಾಡುತ್ತಿದ್ದ; ಚೀಲ ಮಾತ್ರ ಆರಾಮವಾಗಿ ನನ್ನ ಹೆಗಲಿಗೆ ಒರಗಿತ್ತು. ಹೊಸ ತೌಡಿನ ವಾಸನೆ ನಿಮಗೆ ಗೊತ್ತಿರಬಹುದು. ಸ್ವಲ್ಪ ಸಿಹಿ, ಸ್ವಲ್ಪ ಮುಗ್ಗಲು, ಜೊತೆಗೆ ಬಿಸಿಲಿಗೆ ಕಾದ ಗೋಣಿಯದು. ಅದನ್ನು ಮೂಗಿನಿಂದ ಕೊಡವಿಕೊಳ್ಳುತ್ತಿರುವಾಗಲೇ ಫೋನು ನಡುಗಿತು. ಗೌರಿಯ ಸಂದೇಶ: "ಭಾನುವಾರ ನಿಮ್ಮ ಮನಿಗೆ ಬರ್ತೀವಿ. ನಾನು, ಶಾಂಭವಿ. ಯಾವ್ದು ಆಡಾಣ? ಈ ಸಲ ನೀನ ಆರಿಸು."

ಗೌರಿ ಕಂಪ್ಲಿಯ ರೈಸ್‌ಮಿಲ್ಲಿನವರ ಮಗಳು, ಪಿಯುಸಿಯಿಂದ ನನ್ನ ಗೆಳತಿ. ತೌಡೂ ಗೌರಿಯೂ ಒಟ್ಟಿಗೆ ಬಂದದ್ದರಲ್ಲಿ ವಿಶೇಷವೇನೂ ಇಲ್ಲ, ನಾನು ಶಕುನ ನಂಬುವವಳಲ್ಲ. ಆದರೆ ಶಾಂಭವಿ ಎಂಬ ಹೆಸರು ಓದಿದ ಕೂಡಲೇ ಫೋನನ್ನು ಮಡಿಲಲ್ಲಿ ಮಗುಚಿಟ್ಟೆ. ಆರು ವರ್ಷವಾದ ಮೇಲೂ.

ಆರಿಸಬೇಕಾದದ್ದು ಒಂದು ಕಂಪ್ಯೂಟರ್ ಆಟ. ಕೋಟೆ, ಮಾಟಗಾತಿ, ಹದ್ದಿನ ತಲೆಯ ಸಿಂಹ, ಎದ್ದು ನಡೆಯುವ ಅಸ್ಥಿಪಂಜರಗಳ ಸೈನ್ಯ ಇವೆಲ್ಲ ಇರುವ ಸರದಿಯ ಆಟ. ನಾನೊಮ್ಮೆ ಪಡೆ ನಡೆಸಬೇಕು, ಆಮೇಲೆ ನೀವು. ಇದರಲ್ಲಿ ಏಳು ಭಾಗ ಬಂದಿವೆ. ಯಾವುದು ಆಡಲು ಯೋಗ್ಯ ಎಂಬುದರ ಬಗ್ಗೆ ಇಂಟರ್ನೆಟ್ಟಿನಲ್ಲಿ ಜನ ಮಾಡಿರುವ ಜಗಳ ಓದಿದರೆ ನಮ್ಮ ಕಾಲೇಜಿನ ಚರ್ಚಾ ಸ್ಪರ್ಧೆಗಳು ಸೌಮ್ಯವಾಗಿ ಕಾಣುತ್ತವೆ. ಮೂರನೆಯದೇ ಶ್ರೇಷ್ಠ ಎನ್ನುವವರದೊಂದು ಪಂಗಡ. ಐದನೆಯದು ಎನ್ನುವವರದು ಇನ್ನೊಂದು. ನಾಲ್ಕನೆಯದರ ಪರ ಇರುವವರು ಎಲ್ಲ ಕಡೆ ಇರುವಂಥ ಆ ಇಬ್ಬರು ಮೂವರು, ಬಿಡಿ.

ನಾನು ಮೂರನೆಯದರ ವಕೀಲೆ. ಅದರ ಪರವಾಗಿ ನನ್ನ ಹತ್ತಿರ ಹನ್ನೊಂದು ವಾದಗಳಿವೆ. ಅಷ್ಟೊಂದು ವಾದ ಇಟ್ಟುಕೊಂಡವರನ್ನು ಅನುಮಾನಿಸಬೇಕು ಎಂದು ನಮ್ಮ ಚರ್ಚೆಯ ಮೇಡಂ ಹೇಳುತ್ತಿದ್ದರು. ನಿಜವಾದ ಕಾರಣ ಒಂದೇ ಇರುತ್ತದೆ, ಅದನ್ನು ಮುಚ್ಚಲು ಉಳಿದವು ಬೇಕಾಗುತ್ತವೆ ಎಂಬುದು ಅವರ ಮಾತು.

ಪದವಿಯ ದಿನಗಳಲ್ಲಿ ಭಾನುವಾರ ಬಂತೆಂದರೆ ಕಮಲಾಪುರದ ಮೇಲೆ ಹೋಗುವ ಬಸ್ಸು ಹತ್ತಿ ಕಂಪ್ಲಿಗೆ ಹೋಗುತ್ತಿದ್ದೆ. ಮಿಲ್ಲಿನ ಆಫೀಸಿನಲ್ಲಿ ಒಂದು ಹಳೆಯ ಕಂಪ್ಯೂಟರ್ ಇತ್ತು. ಅದರ ಡಬ್ಬಿಯ ತೂತುಗಳಲ್ಲೆಲ್ಲ ತೌಡು ಕೂತು, ಹತ್ತು ನಿಮಿಷ ಕಾದರೆ ಬಿಸಿ ತೌಡಿನ ವಾಸನೆ ಬರುತ್ತಿತ್ತು. ಮೂರನೆಯ ಭಾಗವನ್ನು ಬಿಟ್ಟರೆ ಬೇರೆ ಯಾವುದನ್ನೂ ಎತ್ತುವ ಶಕ್ತಿ ಅದಕ್ಕಿರಲಿಲ್ಲ. ಯುಪಿಎಸ್ ಸತ್ತು ಯಾವ ಕಾಲವಾಗಿತ್ತೋ, ಅದರ ಮೇಲೆ ಕುಡಿಯುವ ನೀರಿನ ತಂಬಿಗೆ ಇಡುತ್ತಿದ್ದರು. ಗೌರಿಯ ಅಪ್ಪ, ಅಂದರೆ ನನಗೆ ಕಾಕಾ, ನಮ್ಮನ್ನು ನೋಡಿದಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಕೋಟಿ ಕಟ್ಟೂದು ಭಾಳ ಆತವಾ. ಕೋಟಿ ನೋಡಬೇಕಂದ್ರ ಹಂಪಿಗೆ ಹೋಗ್ರಿ. ಅಲ್ಲಿ ಕರೆಂಟಿನ ತ್ರಾಸ ಇಲ್ಲ."

ಒಂದೇ ಕುರ್ಚಿ. ಒಬ್ಬಳ ಸರದಿ ನಡೆಯುವಾಗ ಇನ್ನೊಬ್ಬಳು ಅವಳ ನಕ್ಷೆ ನೋಡಬಾರದು, ಹೊರಗೆ ಹೋಗಿ ಭತ್ತ ಒಣಹಾಕಿದ ಅಂಗಳದ ಅಂಚಿನ ಚೀಲದ ಮೇಲೆ ಕೂರಬೇಕು. ಹಾಗೆ ಹೊರಗೆ ಕೂತವಳಿಗೊಂದು ಕೆಲಸವೂ ಇತ್ತು. ಮಿಲ್ಲಿನ ದೊಡ್ಡ ಮೋಟರು ಶುರು ಮಾಡುವ ಮೊದಲು ಆಪರೇಟರ್ ಹಂಪಣ್ಣ, ತೂಗುಹಾಕಿದ ರೈಲುಕಂಬಿಯ ತುಂಡಿಗೆ ಎರಡೇಟು ಹೊಡೆಯುತ್ತಿದ್ದ, ಯಂತ್ರದ ಬೆಲ್ಟಿನ ಹತ್ತಿರ ಯಾರೂ ಇರಬಾರದೆಂದು. ಮೋಟರು ಎದ್ದ ಕೂಡಲೇ ವೋಲ್ಟೇಜು ಕುಸಿದು ಕಂಪ್ಯೂಟರ್ ಕಣ್ಣು ಮುಚ್ಚುತ್ತಿತ್ತು. ಒಳಗಿದ್ದವಳಿಗೆ ಕೂಲರಿನ ಗದ್ದಲದಲ್ಲಿ ಕಂಬಿ ಕೇಳಿಸುತ್ತಿರಲಿಲ್ಲ. ಆದ್ದರಿಂದ ಹೊರಗಿದ್ದವಳು "ಸೇವ್" ಎಂದು ಕಿರುಚಬೇಕು. ಇಪ್ಪತ್ತು ಎಣಿಸುವಷ್ಟು ಸಮಯ ಸಿಗುತ್ತಿತ್ತು. ಎರಡು ವರ್ಷ ನಾವಿಬ್ಬರೂ ಒಂದು ಸಲವೂ ತಪ್ಪಿರಲಿಲ್ಲ. ಎದುರಾಳಿಯನ್ನು ಉಳಿಸುವ ಕೆಲಸ ಎದುರಾಳಿಗೇ ಕೊಟ್ಟ ಆಟ ಬೇರೆ ಯಾವುದಿದೆ ಹೇಳಿ.

ಆಮೇಲೆ ಶಾಂಭವಿ ಬಂದಳು. ಸಂಡೂರಿನವಳು, ಗೌರಿಯ ಸೋದರತ್ತೆಯ ಮಗಳು. ಚಪ್ಪಲಿಯ ಅಂಚಿಗೆ ಕೆಂಪು ಧೂಳು, ಮಾತು ಕಡಿಮೆ. ನನಗೆ ನಾಲ್ಕು ತಿಂಗಳು ಹಿಡಿದದ್ದನ್ನು ಒಂದು ಮಧ್ಯಾಹ್ನದಲ್ಲಿ ಕಲಿತಳು. ಅದನ್ನಾದರೂ ಕ್ಷಮಿಸಬಹುದಿತ್ತು. ಆದರೆ ಗೌರಿ ಅವಳಿಗೆ ಬಂಗಾರದ ಗಣಿ ಎಲ್ಲಿದೆ ಎಂದು ಬಾಯಿಬಿಟ್ಟು ಹೇಳಿಕೊಟ್ಟಳು. ನನಗೆ ಎಂದೂ ಹೇಳಿರಲಿಲ್ಲ. "ಪಾಪ, ಹೊಸಬಳು ಲೇ" ಎಂದಳು. ಕುರ್ಚಿಗೆ ಮನೆಯಿಂದ ದಿಂಬು ಬೇರೆ ತಂದಳು. ಎರಡು ವರ್ಷ ನಾನು ಆ ಕುರ್ಚಿಯಲ್ಲಿ ದಿಂಬಿಲ್ಲದೆ ಕೂತಿದ್ದೆ. ಇದು ಕ್ಷುಲ್ಲಕ ಎಂದು ನೀವು ಆಕ್ಷೇಪ ಎತ್ತುವಿರಿ. ಎತ್ತಿ. ಅಸೂಯೆಗೆ ಆಹಾರ ಬೇಕಾದಾಗ ಅದು ದಿಂಬನ್ನೂ ತಿನ್ನುತ್ತದೆ.

ಮೂವರೂ ಆಡಿದ ಮೊದಲ ದೊಡ್ಡ ಆಟ ನಾಲ್ಕು ಭಾನುವಾರ ನಡೆಯಿತು. ಸೇವ್ ಮಾಡಿಟ್ಟರೆ ಆಟ ಕೆಡುತ್ತದೆಂದು ಶಾಂಭವಿಗೊಂದು ಭ್ರಮೆ ಇರಬಹುದೇ ಎನ್ನುವಷ್ಟು ಅವಳು ಸೇವ್ ಮರೆಯುತ್ತಿದ್ದಳು. ನಾಲ್ಕನೆಯ ಭಾನುವಾರ ಅವಳ ಅಸ್ಥಿಪಂಜರಗಳು ನನ್ನ ಕೊನೆಯ ಕೋಟೆಯ ಬಾಗಿಲಿಗೆ ಬಂದಿದ್ದವು. ಬೆಳಿಗ್ಗೆಯಿಂದ ಯಾರೂ ಸೇವ್ ಮಾಡಿರಲಿಲ್ಲ. ಅವಳು ಕುರ್ಚಿಯಲ್ಲಿದ್ದಳು, ಗೌರಿ ಚಹಾ ತರಲು ಮಿಲ್ಲಿನ ಹಿಂದಿನ ಮನೆಗೆ ಹೋಗಿದ್ದಳು, ನಾನು ಚೀಲದ ಮೇಲೆ.

ಕಂಬಿ ಎರಡು ಸಲ ಠಣ್ ಎಂದಿತು. ಆ ಕಡೆ ತಿರುಗಿದೆ. ಹೊಟ್ಟಿನ ಧೂಳಿನಲ್ಲಿ ಒಂದು ಆಕಾರ ಮಾತ್ರ ಕಂಡಿತು, ಎಂದಿನಂತೆ ಹಂಪಣ್ಣನೇ ಎಂದುಕೊಂಡೆ. ತಲೆ ತಗ್ಗಿಸಿ ಅಂಗೈಯಲ್ಲಿದ್ದ ಭತ್ತದ ಕಾಳು ಎಣಿಸತೊಡಗಿದೆ. ಇಪ್ಪತ್ತು ಕಾಳು ಎಣಿಸಿದೆ.

"ಯಾಕ ಕೂಗಲಿಲ್ಲ?" ಎಂದಳು ಶಾಂಭವಿ, ಕಪ್ಪಾದ ಪರದೆಯ ಮುಂದಿನಿಂದ ಎದ್ದು ಬಂದು. ಗೌರಿ ಚಹಾದ ಲೋಟ ಹಿಡಿದು ನಿಂತಿದ್ದಳು. ನಾನು ಕ್ರಮವಾಗಿ ಉತ್ತರ ಕೊಟ್ಟೆ. ಗಾಳಿ ಆ ಕಡೆ ಬೀಸುತ್ತಿತ್ತು. ಲಾರಿಯೊಂದು ಹಾದುಹೋಯಿತು. ಅಲ್ಲದೆ, ಆಡುವವಳೇ ಆಗಾಗ ಸೇವ್ ಮಾಡಿಕೊಳ್ಳಬೇಕೆಂಬ ಹೊಣೆಯೂ ಇದೆ. ಚರ್ಚಾ ಸ್ಪರ್ಧೆಗಳಲ್ಲಿ ಗಂಟೆಯ ಸದ್ದಿಗೆ ಮಾತು ನಿಲ್ಲಿಸುವ ತರಬೇತಿ ಪಡೆದು ಕಪ್ ಗೆದ್ದವಳು ನಾನು, ಕೇಳಿಸಲಿಲ್ಲ ಎಂದು ಮೂರು ಅಂಶಗಳಲ್ಲಿ ಸಾಧಿಸಿದೆ. ಗೌರಿ ನನಗೆ ಚಹಾ ಕೊಟ್ಟಳು.

ಶಾಂಭವಿಯೇ ಹೇಳಿದಳು: "ಬಿಡು ಗೌರಿ. ಸಂಡೂರಾಗ ನನ್ನ ಲ್ಯಾಪ್‌ಟಾಪಿನಾಗ ಐದನೇದು ಐತಿ. ಕರೆಂಟು ಹೋದ್ರೂ ಅದು ಹೋಗಂಗಿಲ್ಲ."

ನೋಡಿದಿರಾ, ಐದನೆಯದಕ್ಕೆ ಬಾಗಿಲು ತೆರೆದವಳು ನಾನೇ. ಆ ಸಂಜೆ ಬಸ್ಸು ಬರುವ ತನಕ ಮೂರನೆಯದರ ಪರವಾಗಿ ಹನ್ನೊಂದು ವಾದ ಮಂಡಿಸಿದೆ. ಗೌರಿ ತಲೆಯಾಡಿಸಿ, "ನೀ ಹೇಳೂದು ಖರೇನ ಐತಿ ಬಿಡು" ಎಂದಳು. ಚರ್ಚೆ ಗೆದ್ದೆ. ಮುಂದಿನ ಭಾನುವಾರ ಅವಳು ಸಂಡೂರಿನ ಬಸ್ಸು ಹತ್ತಿದಳು. ಅದರ ಮುಂದಿನ ಭಾನುವಾರವೂ. ನನ್ನನ್ನೂ ಕರೆದಿದ್ದಳು, ನಾನು ತತ್ವಕ್ಕಾಗಿ ಹೋಗಲಿಲ್ಲ. ತತ್ವ ಎಂದರೆ ಏನೆಂದು ನಿಮಗೆ ಈಗ ಗೊತ್ತಾಗಿದೆ. ಆಮೇಲೆ ನಮ್ಮ ಗೆಳೆತನ ಮದುವೆ ಮನೆಗಳಲ್ಲಿ ಎದುರಾದಾಗ "ಭಾಳ ಸೊರಗಿದಿ" ಎನ್ನುವ ಮಟ್ಟಕ್ಕೆ ಇಳಿಯಿತು.

ಆಟೋದಿಂದ ಇಳಿದ ಮೇಲೆ ಮೂರು ದಿನ ಏಳು ಭಾಗಗಳ ಚಿತ್ರ ನೋಡುತ್ತ ಕೂತೆ. ಹನ್ನೊಂದು ವಾದಗಳನ್ನೂ ಗೌರಿಗೆ ಟೈಪ್ ಮಾಡಿದೆ. ಕಳಿಸುವ ಮೊದಲು ಮೇಡಂ ಹೇಳಿದ್ದು ನೆನಪಾಯಿತು. ಎಲ್ಲ ಅಳಿಸಿ ಫೋನು ಮಾಡಿದೆ.

"ಗೌರಿ, ಆವತ್ತು ನನಗೆ ಕಂಬಿ ಕೇಳಿಸಿತ್ತು."

"ಗೊತ್ತೈತಿ," ಎಂದಳು. "ಹಂಪಣ್ಣನ ಕೈಯೆಲ್ಲ ಗ್ರೀಸ್ ಆಗಿತ್ತು. ಆ ಕಂಬಿ ಹೊಡದಾಕಿ ನಾನ. ನೀ ತಿರುಗಿ ನೋಡಿದಿ. ಕೂಗ್ತಾಳ ಅನ್ಕಂಡು ಚಹಾ ಸೋಸಾಕ ಒಳಗ ಹೋದೆ."

ನಾನು ಎದ್ದು ಬಾಲ್ಕನಿಗೆ ಬಂದೆ. "ಮತ್ತ ಆವತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ವಾದ ಮಾಡ್ತಿದ್ದಿ. ಗೆಲ್ತಿದ್ದಿ. ಆಮ್ಯಾಲ ನಾ ನಿನ್ನ ಮಾರಿ ಹೆಂಗ ನೋಡ್ಲಿ?" ಅಷ್ಟು ಹೇಳಿ ತಾನೇ ದನಿ ಬದಲಿಸಿದಳು. "ಹೋಗ್ಲಿ. ಯಾವ್ದು ಆಡಾಣ ಹೇಳು. ಇಲ್ಲಾ ಶಾಂಭವಿನ್ನ ಕೇಳು, ಇಲ್ಲೇ ಅದಾಳ."

ಫೋನು ಕೈ ಬದಲಾಯಿಸಿತು. ಭಾನುವಾರಕ್ಕೆ ಮೊದಲೇ ಶಾಂಭವಿಯೂ ಗೌರಿಯೂ ಒಂದೇ ಮನೆಯಲ್ಲಿ ಇದ್ದಾರೆ ಎಂಬುದು ನನಗೆ ಹಿಡಿಸಲಿಲ್ಲ, ಸುಳ್ಳು ಹೇಳುವುದಿಲ್ಲ. ಐದನೆಯದು ಎನ್ನುತ್ತಾಳೆಂದು ಕಾದೆ.

"ಮೂರನೇದ ಆಡಾಣ್ರಿ," ಎಂದಳು ಶಾಂಭವಿ. "ಆ ಆಟ ನಾ ಗೆಲ್ಲೂದಿತ್ತು."

ಹಾಗೇನೂ ಇರಲಿಲ್ಲ. ನನ್ನ ಕೋಟೆಯೊಳಗೆ ಎರಡು ಹದ್ದಿನ ತಲೆಯ ಸಿಂಹಗಳಿದ್ದವು, ಇನ್ನೊಂದು ವಾರ ತಡೆಯಬಹುದಿತ್ತು. ಇದಕ್ಕೆ ನಾಲ್ಕು ಆಧಾರಗಳು ನಾಲಿಗೆಯ ತುದಿಗೆ ಬಂದು ನಿಂತವು.

"ಹೌದು," ಎಂದೆ. "ನೀನೇ ಗೆಲ್ಲೋಳಿದ್ದಿ."

ಮೂರನೆಯದನ್ನೇ ಹಾಕಿಟ್ಟಿದ್ದೇನೆ. ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಗಟ್ಟಿಯಾಗಿದೆ, ಯಾರೂ ಯಾರಿಗೂ ಕೂಗಬೇಕಾಗಿಲ್ಲ. ಆದರೂ ಸರದಿ ಇಲ್ಲದವಳು ಕೂರಲೆಂದು ಬಾಲ್ಕನಿಯಲ್ಲಿ ಒಂದು ಸ್ಟೂಲು ಇಟ್ಟಿದ್ದೇನೆ. ಮನೆಯಲ್ಲಿ ಇರುವುದು ಒಂದೇ ದಿಂಬು. ಅದನ್ನು ಕುರ್ಚಿಗೆ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ.